ಮಣಿಯಲೂ ಬೇಕು, ಬಿಗಿಯಲೂ ಬೇಕು

ಅಹಮದಾಬಾದು ನಗರದ ಪಶ್ಚಿಮದಲ್ಲಿ, ಸಾಬರಮತಿಯ ಆಚೆಯ ದಡದ ಮೇಲೆ ಬೆಳೆದ ಬಡಾವಣೆಗಳಲ್ಲಿ ಒಂದಕ್ಕೆ ಸ್ಯಾಟಲೈಟ್ ಎಂದು ಹೆಸರು. ಉಪಗ್ರಹಗಳ ಉಪಯೋಗವನ್ನು ಕುರಿತು ಸಂಶೋಧನೆ ನಡೆಸುವ ಇಸ್ರೋದ ಕೇಂದ್ರವು ಆ ಭಾಗದಲ್ಲಿ ನೆಲೆಗೊಂಡ ಮೇಲೆ ರಸ್ತೆಗೂ ಬಡಾವಣೆಗೂ ಅಂಟಿಕೊಂಡ ಹೆಸರದು. 2001ನೆಯ ಇಸವಿಯ ಜನವರಿ 26ರಂದು, ನಾಡೆಲ್ಲ ಗಣರಾಜ್ಯೋತ್ಸವದ ಧ್ವಜವಂದನೆಯಲ್ಲಿ ತೊಡಗಿದ್ದ ಹೊತ್ತಿನಲ್ಲಿ, ಬೆಳಗಿನ 8 ಗಂಟೆ 46 ನಿಮಿಷಕ್ಕೆ, ಸುಮಾರು 250 ಕಿಲೋಮೀಟರು ದೂರದ ಕಚ್ಛದಲ್ಲಿ, ಭಚಾವು ಪಟ್ಟಣದ ಸಮೀಪ, ಭೂಗರ್ಭದ ಬಂಡೆಗಳು ಜಾರಿದಾಗ ಹುಟ್ಟಿದ ಅಲೆಗಳು ಈ ಬಡಾವಣೆಯನ್ನೂ ಬಂದು ಮುಟ್ಟಿದುವು. 7.7ರ ಪ್ರಮಾಣದ ಆ ಭೂಕಂಪದಲ್ಲಿ ಕಚ್ಛದ ಊರೂರುಗಳೇ ನೆಲಸಮವಾದುದು ಸರ್ವರಿಗೂ ತಿಳಿದ ವಿಷಯ. ಅಷ್ಟು ದೂರದ ಅಹಮದಾಬಾದಿನಲ್ಲಿಯೂ, ನೆಲಮಹಡಿಯನ್ನು ವಾಹನಗಳಿಗೆಂದು ತೆರವಾಗಿ ಬಿಟ್ಟು ಬರಿಯ ಕಂಬಗಳ ಮೇಲೆ ನಿಲ್ಲಿಸಿದ್ದ ಬಹುಮಹಡಿಯ ಮನೆಗಳು ಹಲವು ಕುಸಿದುವು. ಸ್ಯಾಟಲೈಟ್ ಪ್ರದೇಶದಲ್ಲಿಯೂ ಸಂಸಾರಗಳ ಸಂಸಾರಗಳೇ ಆ ಅವಶೇಷಗಳ ಅಡಿಯಲ್ಲಿ ಹೂತುಹೋದುವು.

ಅದೇ ಮುಂಜಾನೆ, ಅದೇ ರಾಜ್ಯದ ದಕ್ಷಿಣದಲ್ಲಿ, ಸೂರತ್ತಿನಿಂದ ಪೂರ್ವಕ್ಕೆ ವ್ಯಾರಾ ಊರಿನ ಸಮೀಪ, ತಾಪಿ ನದಿಯ ಕಾಕ್ರಾಪಾರ ಒಡ್ಡಿನ ಬಳಿಯಲ್ಲಿರುವ ಪರಮಾಣು ವಿದ್ಯುತ್ ಸ್ಥಾವರವು ತನ್ನ ಕಾರ್ಯವನ್ನು ನಿಲ್ಲಿಸದೆ ನಡೆಸುತ್ತಿದ್ದಿತು. 1993ರಲ್ಲಿ ಒಂದು, 1995ರಲ್ಲಿ ಮತ್ತೊಂದು ಎಂಬಂತೆ ವಾಣಿಜ್ಯೋತ್ಪಾದನೆಗೆ ತೊಡಗಿದ, ತಲಾ 220 ಮೆಗಾವಾಟ್ ಸಾಮರ್ಥ್ಯದ ಎರಡು ಘಟಕಗಳು ಆಗ ಅಲ್ಲಿದ್ದುವು. ಇದರಿಂದ ಆ ಸ್ಥಾವರವು ಭೂಕಂಪವನ್ನು ಗೆದ್ದಿತೆಂದು ಡಂಗುರ ಸಾರುವುದು ಸತ್ಯಕ್ಕೆ ಅಪಚಾರವಾದೀತು. ಭಚಾವಿನಿಂದ ಕಾಕ್ರಾಪಾರಕ್ಕೆ ಇರುವ ದೂರ ಅಹಮದಾಬಾದಿಗಿಂತಲೂ ಬಹಳ ಹೆಚ್ಚಿನದು, ಅಲ್ಲಿಗೆ ತಲುಪುವಷ್ಟರಲ್ಲಿ ಅಲೆಗಳ ಬಲ ಬಹುಮಟ್ಟಿಗೆ ಉಡುಗಿದ್ದಿತು. ಆದರೂ ಒಂದೇ ರಾಜ್ಯದ ಒಂದೇ ಮುಂಜಾನೆಯ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದವನಿಗೆ, ನೆಲವೇ ಅಲುಗಿದಾಗ ಅಷ್ಟೊಂದು ಕೊಳವೆಗಳೂ ಪಾತ್ರೆಗಳೂ ಪಂಪುಗಳೂ ಕೂಡಿದ ಯಂತ್ರಸಮೂಹವನ್ನು ಹಿಡಿದು ನಿಲ್ಲಿಸುವುದು ಯಾವುದು ಎಂಬ ಪ್ರಶ್ನೆ ಏಳದೆ ಇರದು. ಆ ಪ್ರಶ್ನೆಗೆ ಇರುವ ಹಲವು ಉತ್ತರಗಳಲ್ಲಿ ತೀರ ಸಣ್ಣದಾದ, ಆದುದರಿಂದಲೇ ಸಾಮಾನ್ಯ ಜನರ ಕಣ್ಣಿಗೆ ಬೀಳದ ಒಂದನ್ನು ಕುರಿತು ಇಲ್ಲಿ ಬರೆಯಬೇಕೆಂದಿದ್ದೇನೆ. ಅದರ ಹೆಸರು ಸ್ನಬ್ಬರ್. ಎಣ್ಣೆ ತುಂಬಿದ ಒಂದು ಉಕ್ಕಿನ ಸಿಲಿಂಡರು, ಅದರೊಳಗೊಂದು ಪಿಸ್ಟನ್ನು. ದೂರದಿಂದ ನೋಡಿದರೆ ಮೋಟಾರು ಬೈಕಿನ ಶಾಕ್ ಅಬ್ಸಾರ್ಬರಿನ ಸೋದರನಂತೆಯೇ ಕಾಣುತ್ತದೆ.

ಇದರ ಅವಶ್ಯಕತೆ ಅರ್ಥವಾಗಬೇಕಾದರೆ ಮೊದಲು ಬಿಸಿಯ ಮಾತನ್ನು ಆಡಬೇಕು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವುದನ್ನು ಕಂಡವರು ಇಂದಿಗೂ ಇದ್ದಾರೆ. ಚಕ್ರಕ್ಕಿಂತ ಕೊಂಚ ಚಿಕ್ಕದಾಗಿ ಮಾಡಿದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಮರದ ಚಕ್ರದ ಸುತ್ತ ಕೂರಿಸಿ ನೀರು ಹೊಯ್ದರೆ, ತಣಿದು ಕುಗ್ಗಿದ ಪಟ್ಟಿ ಮರವನ್ನು ಕಚ್ಚಿ ಹಿಡಿಯುತ್ತಿದ್ದಿತು. ಕಾಕ್ರಾಪಾರದ ಕೊಳವೆಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ. ರಿಯಾಕ್ಟರಿನ ಒಳಗಿನ ಶಾಖವನ್ನು ಹೊತ್ತು ತರುವ ಭಾರಜಲವು ಸುಮಾರು 293 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಕುದಿಯದಿರಲೆಂದು ವಾಯುಮಂಡಲದ ಒತ್ತಡದ ಎಂಬತ್ತು ಪಟ್ಟಿಗೂ ಮಿಗಿಲಾದ ಒತ್ತಡದಲ್ಲಿ, ಉಗಿ ಹುಟ್ಟಿಸುವ ಬೃಹತ್ಪಾತ್ರೆಗಳಿಗೆ ಹರಿಯುತ್ತದೆ. ಹತ್ತು ಮೀಟರು ಉದ್ದದ ಉಕ್ಕಿನ ಕೊಳವೆಯನ್ನು ಕೋಣೆಯ ತಾಪದಿಂದ ಅಷ್ಟು ಶಾಖಕ್ಕೆ ಏರಿಸಿದರೆ ಅದು ಮೂರು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಮೂರು ಸೆಂಟಿಮೀಟರು ಎಂಬುದು ಕೇಳುವುದಕ್ಕೆ ಅಲ್ಪ. ಆದರೆ ಆ ಕೊಳವೆಯ ಎರಡು ತುದಿಗಳನ್ನೂ ಗೋಡೆಗೆ ಭದ್ರವಾಗಿ ಬಿಗಿದಿದ್ದೇ ಆದರೆ, ಹಿಗ್ಗಲು ಎಡೆಯಿಲ್ಲದ ಉಕ್ಕು ತನ್ನನ್ನೇ ಬಾಗಿಸಿಕೊಳ್ಳುತ್ತದೆ, ಇಲ್ಲವೇ ಬೆಸುಗೆಗಳನ್ನು ಜಗ್ಗುತ್ತದೆ, ಪಾತ್ರೆಯ ಬಾಯಿಯನ್ನು ಹಿಂಡುತ್ತದೆ. ಸ್ಥಾವರ ಕಾದಾಗಲೊಮ್ಮೆ, ತಣಿದಾಗಲೊಮ್ಮೆ ಈ ಹಿಂಸೆ ಪುನರಾವರ್ತನೆಯಾದಂತೆಲ್ಲ ಲೋಹ ದಣಿಯುತ್ತ ಹೋಗುತ್ತದೆ, ಲೋಹಕ್ಕೂ ದಣಿವುಂಟು.

ಹಾಗಾದರೆ ಕೊಳವೆಯನ್ನು ಸಡಿಲವಾಗಿ ತೂಗುಬಿಟ್ಟರಾಯಿತಲ್ಲ ಎನ್ನಬಹುದು. ಹಾಗೆ ತೂಗುಬಿಡುವುದೂ ಉಂಟು. ಸ್ಪ್ರಿಂಗಿನ ತೂಗುಗಳು ಕೊಳವೆಯ ಭಾರವನ್ನು ಹೊತ್ತು, ಅದರ ಹಿಗ್ಗು ಕುಗ್ಗುಗಳಿಗೆ ಒಪ್ಪಿಗೆಯನ್ನೂ ಕೊಡುತ್ತವೆ. ಆದರೆ ಭೂಮಿ ಅಲುಗಿದ ದಿನ ಹೀಗೆ ತೂಗುಬಿದ್ದ ಕೊಳವೆ ಉಯ್ಯಾಲೆಯಂತೆ ಜೀಕಲಾರಂಭಿಸೀತು. ಭೂಕಂಪವೊಂದೇ ಅಲ್ಲ, ಹರಿಯುವ ನೀರಿನ ಅಥವಾ ಉಗಿಯ ದಾರಿಯಲ್ಲಿ ಕವಾಟವೊಂದು ತಟಕ್ಕನೆ ಮುಚ್ಚಿಕೊಂಡಾಗಲೂ ಕೊಳವೆಯ ಮೈಮೇಲೆ ಸುತ್ತಿಗೆಯ ಏಟು ಬಿದ್ದಂತಾಗುತ್ತದೆ. ಮನೆಯ ನಲ್ಲಿಯನ್ನು ಫಕ್ಕನೆ ತಿರುಗಿಸಿ ನಿಲ್ಲಿಸಿದಾಗ ಗೋಡೆಯೊಳಗಿನ ಪೈಪು ಢಣ್ಣೆನ್ನುವುದಿಲ್ಲವೇ, ಅದೇ ಏಟು, ಸಾವಿರ ಮಡಿ ಬಲಿಷ್ಠವಾಗಿ. ನಿಧಾನವಾಗಿ ಚಲಿಸುವಾಗ ಬಿಡಬೇಕು, ಹಠಾತ್ತಾಗಿ ಚಲಿಸಿದಾಗ ಹಿಡಿಯಬೇಕು: ಒಂದೇ ಆಧಾರದಿಂದ ಈ ಎರಡು ವಿರುದ್ಧ ಗುಣಗಳನ್ನು ಬೇಡುವುದು ಕಠಿಣವೆಂದು ತೋರುತ್ತದೆ. ಕಾರಿನಲ್ಲಿ ಕುಳಿತು ಸೀಟ್‌ ಬೆಲ್ಟನ್ನು ಮೆಲ್ಲಗೆ ಎಳೆದರೆ ಎಷ್ಟು ಬೇಕಾದರೂ ಬಿಚ್ಚಿಕೊಳ್ಳುತ್ತ ಬರುತ್ತದೆ, ಜಗ್ಗಿದರೆ ಮಾತ್ರ ಕಚ್ಚಿ ನಿಲ್ಲುತ್ತದೆ ಎಂಬುದನ್ನು ಗಮನಿಸಿದವರಿಗೆ ಇದು ಅಸಾಧ್ಯವಲ್ಲವೆಂದು ಹೊಳೆಯುತ್ತದೆ.

ಸ್ನಬ್ಬರು ಈ ಕಾರ್ಯವನ್ನು ಎಣ್ಣೆಯಿಂದ ಸಾಧಿಸುತ್ತದೆ. ಹೋಳಿಯ ದಿನ ಮಕ್ಕಳು ಹಿಡಿಯುವ ಪಿಚಕಾರಿಯನ್ನು ನೆನೆಯಿರಿ. ಅದರ ಕೋಲನ್ನು ಮೆಲ್ಲಗೆ ಒತ್ತಿದರೆ ನೀರು ತಾನೇ ತಾನಾಗಿ ಹರಿದುಹೋಗುತ್ತದೆ, ರಭಸದಿಂದ ಒತ್ತಿದರೆ ಕೈಗೆ ಪ್ರತಿರೋಧ ತಟ್ಟುತ್ತದೆ. ಸಿಲಿಂಡರಿನ ಒಂದು ತುದಿಯನ್ನು ಕಟ್ಟಡದ ಗೋಡೆಗೋ ತೊಲೆಗೋ, ಪಿಸ್ಟನ್ನಿನ ದಂಡದ ತುದಿಯನ್ನು ಕೊಳವೆಗೋ ಪಾತ್ರೆಗೋ ಗೂಟಹಾಕಿ ಜೋಡಿಸಿರುತ್ತಾರೆ. ಕೊಳವೆ ಹಿಗ್ಗುತ್ತ ಮೆಲ್ಲಮೆಲ್ಲನೆ ಪಿಸ್ಟನ್ನನ್ನು ತಳ್ಳಿದಾಗ ಎಣ್ಣೆಯು ಪಿಸ್ಟನ್ನಿನ ಒಂದು ಪಕ್ಕದಿಂದ ಮತ್ತೊಂದು ಪಕ್ಕಕ್ಕೆ ಕವಾಟದ ಮೂಲಕ ಸಾವಕಾಶವಾಗಿ ದಾಟುತ್ತದೆ. ಆ ಕವಾಟವನ್ನು ತೆರೆದಿಟ್ಟಿರುವುದು ಒಂದು ಪುಟ್ಟ ಸ್ಪ್ರಿಂಗು. ಚಲನೆಯ ವೇಗ ಸೆಕೆಂಡಿಗೆ ಕೆಲವು ಮಿಲಿಮೀಟರುಗಳ ಮಿತಿಯನ್ನು ಮೀರಿದೊಡನೆ, ನುಗ್ಗುವ ಎಣ್ಣೆಯ ಒತ್ತಡವೇ ಸ್ಪ್ರಿಂಗನ್ನು ಸೋಲಿಸಿ ಕವಾಟವನ್ನು ಮುಚ್ಚಿಬಿಡುತ್ತದೆ. ದ್ರವವನ್ನು ಅದುಮಿ ಕಿರಿದಾಗಿಸುವುದು ಅಸಾಧ್ಯಪ್ರಾಯವಾದುದರಿಂದ ಆ ಕ್ಷಣದಲ್ಲಿ ಸ್ನಬ್ಬರು ಒಂದು ಗಟ್ಟಿ ಉಕ್ಕಿನ ಸಲಾಕೆಯೇ ಆಗಿ ಕೊಳವೆಯನ್ನು ಹಿಡಿದುಕೊಳ್ಳುತ್ತದೆ. ಮುಚ್ಚಿದ ಕವಾಟದಲ್ಲಿಯೂ ಸೂಜಿಯ ಮೊನೆಯಂತಹ ಒಂದು ರಂಧ್ರವನ್ನು ಬಿಟ್ಟಿರುತ್ತಾರೆ. ಬಿಗಿದ ಮೇಲೆಯೂ ಅದರ ಮೂಲಕ ಎಣ್ಣೆ ಕೊಂಚಕೊಂಚವಾಗಿ ಜಿನುಗುವುದರಿಂದ, ಆಘಾತ ಕಳೆದೊಡನೆ ಹಿಡಿತ ಸಡಿಲಗೊಂಡು ಕೊಳವೆ ಮತ್ತೆ ತನ್ನ ಸಹಜ ಚಲನೆಗೆ ಮರಳುತ್ತದೆ. ಈ ಸೂಕ್ಷ್ಮರಂಧ್ರದ ಕಲ್ಪನೆ ಯಾರಿಗೆ ಮೊದಲು ಹೊಳೆಯಿತೋ, ಅವರ ಬುದ್ಧಿಗೆ ಕೈಮುಗಿಯಬೇಕೆನಿಸುತ್ತದೆ. ಸ್ನಬ್ಬರಿಗೂ ವಾಹನದ ಶಾಕ್ ಅಬ್ಸಾರ್ಬರಿಗೂ ಇರುವ ಅಂತರ ಇದು: ಶಾಕ್ ಅಬ್ಸಾರ್ಬರು ರಸ್ತೆಯ ಪ್ರತಿಯೊಂದು ಗುಂಡಿಯಲ್ಲಿಯೂ ದುಡಿದು ದುಡಿದು ತನ್ನ ಕ್ಷೇಮವನ್ನು ತಾನೇ ಸಾರುತ್ತಿರುತ್ತದೆ, ಸ್ನಬ್ಬರಾದರೋ, ತನ್ನ ಪರಮಕರ್ತವ್ಯದ ಆ ಒಂದು ಕ್ಷಣ ಬಾರದೆಯೇ ಆಯುಷ್ಯವನ್ನೆಲ್ಲ ಕಳೆಯಬಹುದು. ಒಂದು ದಿನವೂ ಬಿಗಿಯದ ಸ್ನಬ್ಬರು ಬಿಗಿಯಬಲ್ಲುದೋ ಇಲ್ಲವೋ ಎಂಬುದನ್ನು ಅದರ ಮುಖ ನೋಡಿ ಹೇಳುವಂತಿಲ್ಲ.

ಹೀಗಾಗಿ ಇದರ ಪರೀಕ್ಷೆಯೇ ಒಂದು ಶಾಸ್ತ್ರವಾಗಿ ಬೆಳೆದಿದೆ, ಮತ್ತು ಅದು ಬೆಳೆದುದು ಕಹಿಯಾದ ಅನುಭವದಿಂದ. 1973ರಲ್ಲಿ ಅಮೆರಿಕದ ಪರಮಾಣು ಸ್ಥಾವರಗಳಲ್ಲಿ ಸ್ನಬ್ಬರುಗಳನ್ನು ತೆರೆದು ನೋಡಿದಾಗ, ಅನೇಕ ಸಿಲಿಂಡರುಗಳಿಂದ ಎಣ್ಣೆ ಸೋರಿಹೋಗಿ, ಹೊರಗೆ ಭದ್ರವಾಗಿ ಕಾಣುತ್ತಿದ್ದ ಸಾಧನಗಳು ಒಳಗೆ ಬರಿದಾಗಿದ್ದುವು. ದೋಷ ಉಕ್ಕಿನದಾಗಿರಲಿಲ್ಲ, ಎಣ್ಣೆ ಹೊರಬಾರದಂತೆ ತಡೆಯುವ, ಬೆರಳ ಉಂಗುರದಂತಹ ಸೀಲುಗಳದಾಗಿತ್ತು. ಅಂದು ಬಳಸುತ್ತಿದ್ದ ಪಾಲಿಯುರಿಥೇನ್ ಎಂಬ ವಸ್ತುವು ಶಾಖ, ತೇವ, ವಿಕಿರಣ ಇವುಗಳ ನಡುವೆ ಮೃದುವಾಗಿ ಶಿಥಿಲವಾಗುತ್ತಿದ್ದಿತು. ಅದರ ಸ್ಥಾನದಲ್ಲಿ ಎಥಿಲೀನ್ ಪ್ರೊಪಿಲೀನ್ ಜಾತಿಯ ರಬ್ಬರು ಬಂದಿತು, ವಿಕಿರಣಕ್ಕೆ ಜಗ್ಗದ ಸಿಲಿಕೋನ್ ತೈಲಗಳು ಬಳಕೆಗೆ ಬಂದುವು; ಅದಕ್ಕಿಂತ ಮುಖ್ಯವಾಗಿ, ಸ್ನಬ್ಬರನ್ನು ಅಳವಡಿಸಿದೆವು, ಇನ್ನು ಮರೆಯಬಹುದು ಎಂಬ ಭಾವನೆ ಅಳಿಯಿತು. ಕೆಲಸ ಮಾಡದ ಸ್ನಬ್ಬರೊಂದು ಕಂಡುಬಂದರೆ 72 ಗಂಟೆಗಳೊಳಗೆ ಅದನ್ನು ಸರಿಪಡಿಸತಕ್ಕದ್ದು ಅಥವಾ ಬದಲಿಸತಕ್ಕದ್ದು ಎಂಬ ಷರತ್ತು ಅಲ್ಲಿನ ಸ್ಥಾವರಗಳ ಕಾರ್ಯನಿಯಮಗಳಲ್ಲಿ ಸೇರಿತು.

ಸೋರಿ ಬರಿದಾದ ಸ್ನಬ್ಬರು ಭೂಕಂಪದ ದಿನ ಕೈಕೊಡುತ್ತದೆ ಎಂಬುದು ಯಾರಿಗಾದರೂ ತಿಳಿಯುವ ಮಾತು. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದುದು ಇದಕ್ಕೆ ವಿರುದ್ಧವಾದ ದೋಷ. ದಂಡಕ್ಕೆ ತುಕ್ಕು ಹಿಡಿದು, ಅಥವಾ ಸಮೀಪದಲ್ಲಿ ಬಣ್ಣ ಬಳಿದವನ ಕೈ ಜಾರಿ ನುಣುಪಾದ ದಂಡದ ಮೇಲೆ ಬಣ್ಣ ಒಣಗಿ, ಅಥವಾ ಬೆಸುಗೆಯ ಕಿಡಿ ಸಿಡಿದು ಅಂಟಿ, ಸ್ನಬ್ಬರು ಎಂದೆಂದಿಗೂ ಬಿಗಿದೇ ನಿಂತುಬಿಟ್ಟರೆ? ನೋಡುವವರಿಗೆ ಅದು ಬಹಳ ಬಲವಾದ ಆಧಾರದಂತೆ ತೋರುತ್ತದೆ. ಆದರೆ ಸ್ಥಾವರ ಕಾಯುವ ಪ್ರತಿಯೊಂದು ಸಲವೂ ಆ ಕೊಳವೆ ಹಿಗ್ಗಲಾರದೆ ನರಳುತ್ತದೆ. ಭೂಕಂಪ ನೂರು ವರ್ಷಕ್ಕೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಬಿಸಿಯಾದರೋ ಪ್ರತಿಯೊಂದು ಆರಂಭದಲ್ಲಿಯೂ ತಪ್ಪದೆ ಬರುತ್ತದೆ. ಎಣ್ಣೆಯ ಬದಲು ಹಲ್ಲುಚಕ್ರ ತಿರುಪುಗಳಿಂದ ಕೆಲಸ ಮಾಡುವ ಸ್ನಬ್ಬರುಗಳೂ ಉಂಟು; ಸೋರುವ ಭಯವಿಲ್ಲವೆಂದು ಅವು ಒಂದು ಕಾಲದಲ್ಲಿ ಬಹಳ ಪ್ರಿಯವಾದುವು. ಆದರೆ ತುಕ್ಕು ಹಿಡಿದು ಸೆಟೆದು ನಿಲ್ಲುವ ಈ ರೋಗ ಅವನ್ನೇ ಹೆಚ್ಚಾಗಿ ಕಾಡಿತು. ಹಿಡಿಯಲಾರದ ಸ್ನಬ್ಬರಿಗಿಂತ ಬಿಡಲಾರದ ಸ್ನಬ್ಬರು ಕಡಿಮೆ ಅಪಾಯದ್ದೆಂದು ನಾನು ಎಣಿಸಲಾರೆ.

ಕಾಕ್ರಾಪಾರದ ಮೊದಲ ಎರಡು ಘಟಕಗಳೂ ನಮ್ಮ ಉತ್ತರ ಕನ್ನಡದ ಕಾಳೀತೀರದ ಕೈಗಾದ ನಾಲ್ಕು ಘಟಕಗಳೂ ಒಂದೇ ವಂಶದವು: 220 ಮೆಗಾವಾಟಿನ, ಭಾರಜಲವನ್ನು ಬಳಸುವ, ನಡೆಯುತ್ತಿರುವಾಗಲೇ ಇಂಧನವನ್ನು ಬದಲಿಸಬಲ್ಲ ರಿಯಾಕ್ಟರುಗಳು. ಇಂಧನಕ್ಕಾಗಿ ನಿಲ್ಲಿಸಬೇಕಾದ ಪ್ರಮೇಯವಿಲ್ಲದುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ದುರಸ್ತಿಗಳಿಗೆಂದೇ ಘಟಕವನ್ನು ನಿಲ್ಲಿಸುತ್ತಾರೆ. ಸ್ಥಾವರದವರ ಆಡುಮಾತಿನಲ್ಲಿ ಇದು ಬಿಎಸ್‌ಡಿ, ಎಂದರೆ ಬೈಯೆನಿಯಲ್ ಶಟ್‌ಡೌನ್. ಘಟಕ ನಡೆಯುತ್ತಿರುವಾಗ ವಿಕಿರಣದ ದೆಸೆಯಿಂದ ಮನುಷ್ಯ ಕಾಲಿಡಲಾಗದ ಕೋಣೆಗಳ ಬಾಗಿಲು ಆಗ ತೆರೆಯುತ್ತದೆ. ಎದೆಯ ಮೇಲೆ ವಿಕಿರಣವನ್ನು ಅಳೆಯುವ ಬಿಲ್ಲೆ ಧರಿಸಿ, ಮೈತುಂಬ ರಕ್ಷಣಾವಸ್ತ್ರ ತೊಟ್ಟು ಒಳಹೋಗುವ ಪರೀಕ್ಷಕನಿಗೆ ಅಲ್ಲಿ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಲೆಕ್ಕವುಂಟು. ಅಂತಹ ಕೆಲಸಗಾರರಿಗೆ ಐದು ವರ್ಷಗಳಲ್ಲಿ 100 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲಿಯೂ 30ನ್ನು ಮೀರದಂತೆ ಎಂಬುದು 1983ರಲ್ಲಿ ಸ್ಥಾಪಿತವಾದ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಇಟ್ಟಿರುವ ಮಿತಿ. ಆದುದರಿಂದ ಏನನ್ನು ನೋಡಬೇಕೆಂಬುದನ್ನು ಹೊರಗೆಯೇ ಮನನಮಾಡಿಕೊಂಡು ಹೋಗಬೇಕಾಗುತ್ತದೆ.

ಅವನು ನೋಡುವುದಾದರೂ ಏನನ್ನು? ಟಾರ್ಚಿನ ಬೆಳಕಿನಲ್ಲಿ ಮೊದಲು ಸ್ನಬ್ಬರಿಗೆ ಎಣ್ಣೆ ಒದಗಿಸುವ ತೊಟ್ಟಿಯಲ್ಲಿನ ಮಟ್ಟ. ಆ ತೊಟ್ಟಿ ಮೇಲುಮುಖವಾಗಿದೆಯೋ, ವಾಲಿದೆಯೋ. ವಾಲಿದ್ದರೆ ಎಣ್ಣೆಯೊಡನೆ ಗಾಳಿಯೂ ಒಳಕ್ಕೆ ಸೇರಬಹುದು. ಸೀಲಿನ ಅಂಚಿನಲ್ಲಿ ಜಿಡ್ಡಿದೆಯೇ, ಕೆಳಗಿನ ನೆಲದ ಮೇಲೆ ಕಲೆಯಿದೆಯೇ? ಗೂಟ ತನ್ನ ಸ್ಥಾನದಲ್ಲಿದೆಯೇ, ಗೂಟ ಜಾರದಂತೆ ಚುಚ್ಚಿದ ಕಾಟರ್ ಪಿನ್ನು ಉಂಟೇ? ತುದಿಯ ಗುಂಡು ಬೇರಿಂಗು ಸಲೀಸಾಗಿ ತಿರುಗುತ್ತದೆಯೇ? ಹಿಂದಿನ ದುರಸ್ತಿಯಲ್ಲಿ ಯಾರಾದರೂ ಅದನ್ನು ಮೆಟ್ಟಿಲೆಂದು ತುಳಿದು ಹತ್ತಿದ ಗುರುತಿದೆಯೇ, ಭಾರ ಎತ್ತುವ ಸರಪಣಿಯನ್ನು ಅದಕ್ಕೆ ಸುತ್ತಿದ್ದರೇ? ಇದೇನು ಹುಡುಗಾಟದ ಪ್ರಶ್ನೆಯೆಂದು ಓದುಗರು ತಿಳಿಯಬಾರದು. ಇಕ್ಕಟ್ಟಾದ ಕೋಣೆಯಲ್ಲಿ ಕಾಲಿಡಲು ಜಾಗ ಹುಡುಕುವ ಕೆಲಸಗಾರನಿಗೆ ಅಡ್ಡಲಾಗಿ ನಿಂತ ಉಕ್ಕಿನ ಸಿಲಿಂಡರು ಒಳ್ಳೆಯ ಮೆಟ್ಟಿಲಾಗಿಯೇ ಕಾಣುತ್ತದೆ, ಮತ್ತು ಸ್ನಬ್ಬರುಗಳು ಕೆಡುವ ನಿಜವಾದ ಕಾರಣಗಳಲ್ಲಿ ಇದೂ ಒಂದು. ಕಡೆಗೆ, ದಂಡ ಎಷ್ಟು ಹೊರಚಾಚಿದೆಯೆಂಬುದನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳುತ್ತಾನೆ. ತಣ್ಣಗಿರುವಾಗ ಇಷ್ಟು, ಕಾದಾಗ ಇಷ್ಟು ಎಂದು ವಿನ್ಯಾಸಕಾರರು ಮೊದಲೇ ಗಣಿಸಿದ ಅಂಕಿಗಳಿರುತ್ತವೆ. ಪಿಸ್ಟನ್ನು ಸಿಲಿಂಡರಿನ ಕೊನೆಗೇ ಬಂದು ತಗುಲಿದ್ದರೆ ಎಣ್ಣೆ ಎಷ್ಟೇ ಶುದ್ಧವಾಗಿರಲಿ ಪ್ರಯೋಜನವಿಲ್ಲ.

ಕಣ್ಣಿಗೆ ಕಾಣುವುದು ಇಷ್ಟು. ಇನ್ನುಳಿದುದನ್ನು ತಿಳಿಯಲು ಕೆಲವು ಸ್ನಬ್ಬರುಗಳನ್ನು ಬಿಚ್ಚಿ ಪರೀಕ್ಷಾಮೇಜಿಗೆ ಒಯ್ಯುತ್ತಾರೆ. ಅಲ್ಲಿ ಯಂತ್ರವೊಂದು ಅದನ್ನು ಒಮ್ಮೆ ನಿಧಾನವಾಗಿ ಎಳೆದು ತಳ್ಳಿ, ಅದು ಎಷ್ಟು ಅಲ್ಪಬಲಕ್ಕೆ ಮಣಿಯುತ್ತದೆಂಬುದನ್ನು ಅಳೆಯುತ್ತದೆ. ಬಳಿಕ ವೇಗವನ್ನು ಏರಿಸುತ್ತ ಯಾವ ವೇಗದಲ್ಲಿ ಕವಾಟ ಮುಚ್ಚಿತೆಂಬುದನ್ನು, ಎಳೆತದಲ್ಲಿಯೂ ಒತ್ತುವಿಕೆಯಲ್ಲಿಯೂ ಬೇರೆಬೇರೆಯಾಗಿ, ನೋಡುತ್ತದೆ. ಬಿಗಿದ ಮೇಲೆ ಸೂಕ್ಷ್ಮರಂಧ್ರದ ಮೂಲಕ ಎಣ್ಣೆ ಎಷ್ಟು ವೇಗವಾಗಿ ಜಿನುಗುತ್ತದೆಂಬುದನ್ನೂ ಗುರುತಿಸುತ್ತದೆ. ಮಣಿಯುವ ಗುಣ, ಬಿಗಿಯುವ ಗುಣ, ಬಿಡುವ ಗುಣ ಮೂರೂ ಹೀಗೆ ರೇಖೆಗಳಾಗಿ ಕಾಗದದ ಮೇಲೆ ಮೂಡುತ್ತವೆ. ಬಿಗಿಯುವ ಮುನ್ನ ರೇಖೆ ಒಂದಿಷ್ಟು ಮೆತ್ತಗೆ ಜಾರಿದರೆ ಅನುಭವಿಯಾದ ಮೇಸ್ತ್ರಿ ಒಳಗೆ ಗಾಳಿ ಸೇರಿದೆಯೆಂದು ಹೇಳಿಬಿಡಬಲ್ಲ. ನಮ್ಮೂರ ಗ್ಯಾರೇಜಿನವನು ಬ್ರೇಕು ತುಳಿದು ನೋಡಿ ಹೇಳುವ ಮಾತೂ ಇದೇ ಅಲ್ಲವೇ? ದ್ರವ ಅದುಮಿಸಿಕೊಳ್ಳದು, ಗಾಳಿಯಾದರೋ ಅದುಮಿಸಿಕೊಳ್ಳುತ್ತದೆ. ಒಂದು ಗುಳ್ಳೆಯಿದ್ದರೂ ಅಷ್ಟು ದೂರ ಕೊಳವೆ ಹಿಡಿತವಿಲ್ಲದೆ ಚಲಿಸಿ ಆಮೇಲೆ ಧಡಕ್ಕನೆ ನಿಂತೀತು. ಸೀಲುಗಳನ್ನೆಲ್ಲ ಬದಲಿಸಿ, ಎಣ್ಣೆ ತುಂಬಿ, ಗುಳ್ಳೆಗಳು ಒಂದೂ ಉಳಿಯದಂತೆ ಹೊರಡಿಸಿ, ಮತ್ತೆ ಮೇಜಿನ ಮೇಲೆ ಪರೀಕ್ಷಿಸಿಯೇ ಅದನ್ನು ಹಿಂದಿರುಗಿಸುತ್ತಾರೆ. ಕೆಟ್ಟ ಸ್ನಬ್ಬರನ್ನು ಬದಲಿಸಿದೊಡನೆ ಕೆಲಸ ಮುಗಿಯಲಿಲ್ಲ. ಅದು ಕೆಟ್ಟಿದ್ದ ಕಾಲದಲ್ಲಿ ಅದಕ್ಕೆ ಸೇರಿದ್ದ ಕೊಳವೆ ಏನೇನು ಅನುಭವಿಸಿರಬಹುದೆಂದು ಲೆಕ್ಕಹಾಕಿ ನೋಡುವುದೂ ಎಂಜಿನಿಯರರ ಹೊಣೆ.

ಎಲ್ಲವನ್ನೂ ಪ್ರತಿಸಲ ಬಿಚ್ಚುವುದು ಸಾಧ್ಯವಿಲ್ಲದ ಮಾತು. ಇಲ್ಲಿ ಸಂಖ್ಯಾಶಾಸ್ತ್ರ ನೆರವಿಗೆ ಬರುತ್ತದೆ. ಇಂತಹ ಪರೀಕ್ಷೆಗಳನ್ನು ಕುರಿತ ಅಮೆರಿಕದ ಸಂಹಿತೆಯಲ್ಲಿರುವ ಒಂದು ಪದ್ಧತಿಯಂತೆ ಚೀಟಿ ಎತ್ತಿದ ಹಾಗೆ 37 ಸ್ನಬ್ಬರುಗಳನ್ನು ಆರಿಸಿ ಪರೀಕ್ಷಿಸುತ್ತಾರೆ. ಒಂದೂ ತಪ್ಪದಿದ್ದರೆ, ಇಡೀ ಸಮೂಹದಲ್ಲಿ ನೂರಕ್ಕೆ ತೊಂಬತ್ತಾದರೂ ಸರಿಯಾಗಿವೆಯೆಂದು ನೂರಕ್ಕೆ ತೊಂಬತ್ತೈದರಷ್ಟು ವಿಶ್ವಾಸದಿಂದ ಹೇಳಬಹುದು. ಒಂದು ತಪ್ಪಿದರೂ ಇನ್ನಷ್ಟನ್ನು ಎತ್ತಬೇಕು. ಕಣ್ಣಿನ ಪರೀಕ್ಷೆಯ ಅವಧಿಯೂ ಹೀಗೆಯೇ ಫಲವನ್ನು ಅನುಸರಿಸಿ ಹಿಗ್ಗುತ್ತದೆ, ಕುಗ್ಗುತ್ತದೆ: ದೋಷಗಳು ಅತ್ಯಲ್ಪವಾಗಿದ್ದರೆ ಮುಂದಿನ ಪರೀಕ್ಷೆಗೆ 48 ತಿಂಗಳವರೆಗೂ ಬಿಡುವು ದೊರೆಯಬಹುದು, ಹೆಚ್ಚಾಗಿದ್ದರೆ ಇದ್ದ ಅವಧಿಯಲ್ಲಿಯೇ ಮೂರನೆಯ ಒಂದು ಪಾಲು ಕಡಿತವಾಗುತ್ತದೆ.

ಸ್ನಬ್ಬರುಗಳ ಸಂಖ್ಯೆಯ ಬಗೆಗೂ ಒಂದು ಮಾತು ಹೇಳಬೇಕು. ಒಂದು ಕಾಲದಲ್ಲಿ ಅಮೆರಿಕದ ಕೆಲವು ಸ್ಥಾವರಗಳಲ್ಲಿ ಅವುಗಳ ಸಂಖ್ಯೆ ಸಾವಿರವನ್ನೂ ಮೀರಿದ್ದಿತು. ಭಯವಿದ್ದ ಕಡೆಯಲ್ಲೆಲ್ಲ ಒಂದೊಂದು ಸೇರಿಸುತ್ತ ಹೋದರೆ ಭದ್ರತೆ ಹೆಚ್ಚುತ್ತದೆಂಬ ಎಣಿಕೆ ಸಹಜವಾದುದು. ಆದರೆ ಪ್ರತಿಯೊಂದು ಹೊಸ ಸ್ನಬ್ಬರೂ ಸೋರಬಲ್ಲ, ಸೆಟೆಯಬಲ್ಲ ಮತ್ತೊಂದು ವಸ್ತು. ಅದನ್ನು ನೋಡಲು ವಿಕಿರಣದ ಕೋಣೆಗೆ ಮತ್ತೊಬ್ಬ ಮನುಷ್ಯ ಹೋಗಬೇಕು. ಕೊಳವೆಗಳು ಭೂಕಂಪದ ಅಲುಗಾಟವನ್ನು ತಮ್ಮ ಮೈಯಲ್ಲಿಯೇ ಎಷ್ಟು ಅರಗಿಸಿಕೊಳ್ಳಬಲ್ಲುವೆಂಬುದು ಹೆಚ್ಚು ನಿಖರವಾಗಿ ತಿಳಿದುಬಂದ ಮೇಲೆ, 1980ರ ದಶಕದಲ್ಲಿ ಗಣಿತವನ್ನು ಮತ್ತೆ ಮಾಡಿ, ಅನವಶ್ಯಕವೆಂದು ಸಿದ್ಧವಾದವನ್ನು ಕಳಚಿಹಾಕುವ ಕಾರ್ಯಕ್ರಮಗಳೇ ನಡೆದುವು. ಈ ವಿವೇಕ ನನಗೆ ಬಹಳ ಮೆಚ್ಚುಗೆಯಾದುದು.

ಕೈಗಾದ ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಆ ದೀರ್ಘಾವಧಿಯಲ್ಲಿ ಬಾಗಿಲು ಮುಚ್ಚಿದ ಕೋಣೆಗಳೊಳಗೆ, ಯಾರ ಕಣ್ಣೂ ಬೀಳದೆ, ಬಿಸಿಯಲ್ಲಿಯೂ ವಿಕಿರಣದಲ್ಲಿಯೂ ಒಂದು ರಬ್ಬರಿನ ಉಂಗುರ ತನ್ನ ಎಣ್ಣೆಯನ್ನು ಕಾಯ್ದುಕೊಂಡಿರಬೇಕಾದರೆ, ಅದನ್ನು ಹಿಂದಿನ ಶಟ್‌ಡೌನಿನಲ್ಲಿ ಕೂರಿಸಿದವನ ಕೈ ಎಷ್ಟು ಶ್ರದ್ಧೆಯದಾಗಿರಬೇಕು! ದಾಖಲೆಯ ಸಂಭ್ರಮದಲ್ಲಿ ಆ ಕೈಯನ್ನೂ ನೆನೆಯಬೇಕಾಗಿದ್ದಿತು.

ಭೂಕಂಪ ನಿಜವಾಗಿಯೂ ಬಂದರೆ ಈ ಪರೀಕ್ಷೆಗಳ ಕ್ರಮ ಹೇಗಿರುತ್ತದೆಂಬುದಕ್ಕೆ ಅಮೆರಿಕದ ವರ್ಜೀನಿಯಾದ ನಾರ್ತ್ ಅನ್ನಾ ಸ್ಥಾವರ ನಿದರ್ಶನ. 2011ರ ಆಗಸ್ಟ್ 23ರಂದು 5.8ರ ಪ್ರಮಾಣದ ಭೂಕಂಪ ಅದರ ಸಮೀಪದಲ್ಲಿಯೇ ಸಂಭವಿಸಿ, ವಿನ್ಯಾಸದಲ್ಲಿ ಎಣಿಸಿದ್ದುದಕ್ಕಿಂತ ಹೆಚ್ಚಾಗಿ ನೆಲ ಅಲುಗಿತು. ಎರಡು ಘಟಕಗಳೂ ನಿಂತುವು. ಬಳಿಕ ನವೆಂಬರಿನವರೆಗೂ, ಕೊಳವೆಗಳನ್ನೂ ಅವುಗಳ ಆಧಾರಗಳನ್ನೂ ಹೆಜ್ಜೆಹೆಜ್ಜೆಗೂ ನಿಂತು ನೋಡುವ ಕೆಲಸ ನಡೆದು, ಕ್ಷೇಮವೆಂದು ಮನಗಂಡ ಮೇಲೆಯೇ ಮರಳಿ ನಡೆಸಲು ಅಪ್ಪಣೆ ದೊರೆಯಿತು.

ಇತ್ತ ಕಾಕ್ರಾಪಾರದಲ್ಲಿ ತಲಾ 700 ಮೆಗಾವಾಟಿನ ಎರಡು ಹೊಸ ಘಟಕಗಳು ಸೇರಿವೆ. ಮೂರನೆಯದು 2020ರ ಜುಲೈನಲ್ಲಿ, ನಾಲ್ಕನೆಯದು 2023ರ ಡಿಸೆಂಬರಿನಲ್ಲಿ ಮೊದಲ ಸಲ ಕ್ರಿಯಾಸ್ಥಿತಿಗೆ ಬಂದುವು. ಕೊಳವೆಗಳು ದೊಡ್ಡವಾದುವು, ಪಾತ್ರೆಗಳು ದೊಡ್ಡವಾದುವು, ಹಿಗ್ಗು ಕುಗ್ಗಿನ ನಿಯಮ ಮಾತ್ರ ಗಾಡಿಚಕ್ರದ ಕಾಲದ್ದೇ. ಯಾವ ಸ್ಥಾವರವೇ ಆಗಲಿ, ಅದನ್ನು ಕಾಯಿಸಲು ತೊಡಗಿದಾಗ ಪ್ರವೇಶಕ್ಕೆ ಅವಕಾಶವಿರುವ ಕಡೆಗಳಲ್ಲಿ ಎಂಜಿನಿಯರರು ಅಳತೆಪಟ್ಟಿ ಹಿಡಿದು ಮತ್ತೊಮ್ಮೆ ಸ್ನಬ್ಬರಿನ ಮುಂದೆ ನಿಲ್ಲುತ್ತಾರೆ. ತಾಪಮಾನ ಏರುತ್ತಿರುವಂತೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ದಂಡ ಸಿಲಿಂಡರಿನೊಳಕ್ಕೋ ಹೊರಕ್ಕೋ ಸರಿಯುತ್ತದೆ. ತಣ್ಣಗಿದ್ದಾಗ ಬರೆದುಕೊಂಡ ಅಂಕಿಯ ಪಕ್ಕದಲ್ಲಿ ಬಿಸಿಯ ಅಂಕಿಯನ್ನು ಬರೆದು, ಎರಡರ ವ್ಯತ್ಯಾಸ ಗಣಿತದ ಎಣಿಕೆಗೆ ಹೊಂದಿದರೆ, ಮುಂದಿನ ಸ್ನಬ್ಬರಿನ ಬಳಿಗೆ ಹೋಗುತ್ತಾರೆ.